ಕಣ್ಣು ತೆರೆದ ಫೋಟೋ

ಮಣ್ಣಿಗೆ ಬಂದಿದ್ದ ಬೀಗರು, ಹಾಲು-ತುಪ್ಪ ಬಿಡುವವರೆಗೆ ಉಳಿದಿದ್ದ ಹತ್ತಿರದವರು, ಎಲ್ಲರೂ ಹೋಗಿಯಾಗಿತ್ತು. ಮರುದಿನ ಮುಂಜಾನೆ ಎಂದಿನಂತೆ ನಳಕ್ಕೆ ನೀರು ಬಂತು. ನೀರು ಬಂದಾಗ ಲಕ್ಕಲಕಟ್ಟಿ ಊರಲ್ಲಿ ಯಾರೂ ಕೂತಿರುವಂತಿಲ್ಲ. ದುಃಖದಲ್ಲಿದ್ದವರೂ ಕೊಡ ಹಿಡಿಯಬೇಕು. ದೇವಿಕಾ ಎದ್ದು ಕೊಡ ಹಿಡಿದಳು. ಅತ್ತೆ ಶಂಕ್ರವ್ವ ಹಿತ್ತಲಲ್ಲಿ ಎಮ್ಮೆ ಹಿಂಡುತ್ತಿದ್ದಳು. ಮಾವ ಮೈಲಾರಪ್ಪ ಕಟ್ಟೆಯ ಮೇಲೆ ಕೂತು ಬೇವಿನಕಡ್ಡಿ ಅಗಿಯುತ್ತಿದ್ದ. ಮೈದುನ ಕನಕರಾಜ ಹೆಸರು ಬಿತ್ತಲು ಟ್ರ್ಯಾಕ್ಟರಿಗೆ ಕೂರಿಗೆ ಕಟ್ಟುತ್ತಿದ್ದ. ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ಹತ್ತಿದ್ದರು. ದೇವಿಕಾಳ ಗಂಡ ಸಿದ್ದರಾಮೇಶನ ಕೆಲಸವೊಂದೇ ಉಳಿದಿತ್ತು. ಅವನು ಮುಂಜಾನೆ ಮಾಡುತ್ತಿದ್ದ ಕೆಲಸವಾದರೂ ಏನು? ಚಹಾದ ಕಪ್ಪು ಹಿಡಿದುಕೊಂಡು ಅಡುಗೆಮನೆಗೂ ಕಟ್ಟೆಗೂ ತಿರುಗುತ್ತ ಎಲ್ಲರನ್ನೂ ಕಾಡುವುದು.

ಅವಳ ಫೋನು ರಿಂಗಾಯಿತು.

"ಸಿದ್ದು ಸ್ಟುಡಿಯೋದವರೇನ್ರಿ? ನಾವು ಹೊಳೆಮಣ್ಣೂರದವರು. ಅವರ ಫೋನ್ ಹತ್ತವಲ್ದು, ಅದಕ್ಕ ಈ ನಂಬರಿಗೆ ಮಾಡೇನಿ. ನಮ್ಮ ಅಲ್ಬಮ್ ಆತೇನ್ರಿ?"

"ಅವರಿಲ್ರಿ."

"ಎಲ್ಲಿ ಹೋಗ್ಯಾರ? ಯಾವಾಗ ಬರ್ತಾರ?"

ಕೊಡ ತುಂಬಿ ನೀರು ಕಾಲ ಮೇಲೆ ಹರಿಯಿತು. "ತೀರಿಕೊಂಡಾರ್ರಿ," ಎಂದಳು.

"ಹೌದೇನ್ರಿ. ಭಾಳ ಚಲೋ ಮನಶಾ ಇದ್ರು. ನಮ್ಮ ಮುದುಕರನ್ನೂ ನಗಿಸಿ ಫೋಟೋ ತಗದಿದ್ರು." ಆ ಮನುಷ್ಯ, ತಾನು ಕೇಳುವುದು ತಪ್ಪೆಂದು ಗೊತ್ತಿದ್ದೇ ಕೇಳಿದ: "ಹಂಗಾರ ಅಲ್ಬಮ್?"

ಶಂಕ್ರವ್ವ ಹಾಲಿನ ಚರಿಗೆ ಹಿಡಿದು ಒಳಗೆ ಬಂದಳು. "ಯಾರದವಾ ಫೋನು?"

"ಗಿರಾಕಿ, ಅತ್ತಿ."

"ಸತ್ತ ಮ್ಯಾಲೂ ಅವನ್ನ ಕೂಡಾಕ ಬಿಡವಲ್ರು," ಎಂದು ಶಂಕ್ರವ್ವ ಗೋಡೆಯ ಕಡೆ ನೋಡಿದಳು. ಗೋಡೆಯ ಮೇಲಿನ ಫೋಟೋದಲ್ಲಿ ಸಿದ್ದು ಇಬ್ಬರನ್ನೂ ನೋಡುತ್ತಿದ್ದ.

ಆ ಫೋಟೋ ಸಿಕ್ಕಿದ್ದೇ ದೊಡ್ಡದು. ಊರಿಗೆಲ್ಲ 'ಕಣ್ಣು ಮುಚ್ಚಬ್ಯಾಡ್ರಿ, ಇತ್ತ ನೋಡ್ರಿ' ಎನ್ನುತ್ತಿದ್ದವನು, ಯಾರಾದರೂ ತನ್ನ ಮುಂದೆ ಕ್ಯಾಮೆರಾ ಎತ್ತಿದರೆ ಗಕ್ಕನೆ ಕಣ್ಣು ಮುಚ್ಚುತ್ತಿದ್ದ. ಚಿಕ್ಕಂದಿನ ಚಾಳಿ. ಆಧಾರ್ ಕಾರ್ಡಿನಲ್ಲಿ ಅರೆಗಣ್ಣು. ದೇವಿಕಾಳ ಫೋನಿನ ತುಂಬ ಅವನು ತೆಗೆದ ಅವಳ ಫೋಟೋಗಳು. ಅವನಿದ್ದವು ಒಂದೆರಡೇ, ಒಂದರಲ್ಲಿ ಕಪ್ಪು ಕನ್ನಡಕ, ಇನ್ನೊಂದರಲ್ಲಿ ಹೆಲ್ಮೆಟ್. ಅವನ ಫೋನು ರೋಣದ ಹತ್ತಿರ, ಹಿಂದೆ ದೀಪವಿಲ್ಲದೆ ನಿಂತಿದ್ದ ಟ್ರ್ಯಾಲಿಯೊಂದರ ಕೆಳಗೆ ಬೈಕಿನೊಡನೆ ನುಚ್ಚಾಗಿತ್ತು. ನರಗುಂದದ ಮದುವೆಯೊಂದರ ಫೋಟೋ ತೆಗೆದು ಬರುತ್ತಿದ್ದ. ಬೆನ್ನಿನ ಚೀಲದೊಳಗಿದ್ದ ಕ್ಯಾಮೆರಾಕ್ಕೆ ಏನೂ ಆಗಿರಲಿಲ್ಲ.

ಹಾಲು-ತುಪ್ಪದ ದಿನ ಎಡೆಯ ಮುಂದೆ ಇಡಲು ಫೋಟೋ ಬೇಕೆಂದಾಗ, ಸ್ಟುಡಿಯೋದ ಪಾಲುದಾರ ಆಫ್ತಾಬ ಇವರ ಮದುವೆಯ ಅಲ್ಬಮ್ಮಿನಿಂದ ಒಂದು ಫೋಟೋ ಆರಿಸಿ, ಬಾಸಿಂಗ ಅಳಿಸಿ, ಹಿಂದೆ ತಿಳಿನೀಲಿ ಬಣ್ಣ ತುಂಬಿ, ಕಟ್ಟು ಹಾಕಿಸಿ ತಂದಿದ್ದ. ಅದರಲ್ಲಿ ಸಿದ್ದುವಿನ ಕಣ್ಣು ಪೂರ್ತಿ ತೆರೆದಿದ್ದವು. ಎದುರಿಗಿದ್ದವರನ್ನು ಬಿಡದೆ ನೋಡುವ ಕಣ್ಣು, ಏನನ್ನೋ ಕೇಳಬೇಕೆಂದು ಕೇಳದೆ ನಿಂತಂತೆ. ಶಂಕ್ರವ್ವ ಅದನ್ನು ಎದೆಗೊತ್ತಿಕೊಂಡು, "ನನ್ನ ಮಗಾ ಜೀವಂತ ಕುಂತಾನ," ಎಂದು ಅತ್ತಿದ್ದಳು. ದೇವಿಕಾ ಅಳಲಿಲ್ಲ. ಅವತ್ತೂ ಅಳಲಿಲ್ಲ, ಆಮೇಲೂ ಅಳಲಿಲ್ಲ. ಓಣಿಯ ಹೆಂಗಸರು ಅದನ್ನೇ ಮಾತಾಡಿಕೊಂಡರು, ಧಾರವಾಡದಲ್ಲಿ ಎಂ.ಎ. ಮಾಡಿದವರಿಗೆ ಅಳುವುದಕ್ಕೂ ಬರುವುದಿಲ್ಲ ಎಂದರು.

ಪಡಸಾಲೆಯ ಗೋಡೆ ಅಡುಗೆಮನೆಯ ಬಾಗಿಲಿಗೆ ನೇರ ಇತ್ತು. ರೊಟ್ಟಿ ಬಡಿಯುತ್ತ ಕೂತರೆ ಬೆನ್ನಿಗೆ ಆ ನೋಟ. ಬೆಂಕಿಯ ಕಡೆ ತಿರುಗಿದರೆ ಕೆನ್ನೆಗೆ. ದಿನಾ ಮುಂಜಾನೆ ಶಂಕ್ರವ್ವ ಮೈಲಾರಲಿಂಗನ ಜಗುಲಿಯಿಂದ ಭಂಡಾರದ ಅರಿಶಿನ ತಂದು ಗಾಜಿನ ಮೇಲೆ ಮಗನ ಹಣೆಗೆ ಹಚ್ಚುತ್ತಿದ್ದಳು. ಆಮೇಲೆ ಹೆಬ್ಬೆರಳಿನಿಂದ ಎರಡೂ ಕಣ್ಣು ಮುಟ್ಟಿ, ಬೆರಳನ್ನು ತನ್ನ ತುಟಿಗೆ ಒತ್ತಿಕೊಳ್ಳುತ್ತಿದ್ದಳು. ಮಧ್ಯಾಹ್ನ ಊಟಕ್ಕೆ ಕೂತಾಗ ಕನಕರಾಜ ತಲೆ ಎತ್ತಿ, "ವೈನಿ, ಇನ್ನೊಂದ ರೊಟ್ಟಿ," ಎನ್ನುತ್ತಿದ್ದ. ಗೋಡೆಯ ಮೇಲಿನ ಅದೇ ನೋಟ ತಾಟಿನ ಮುಂದೆ ಕೂತು ರೊಟ್ಟಿ ಕೇಳುತ್ತಿತ್ತು. ದೇವಿಕಾ ಅವನ ಕೈ ನೋಡಿಕೊಂಡು ಬಡಿಸುವುದನ್ನು ರೂಢಿ ಮಾಡಿಕೊಂಡಳು.

ತಿಂಗಳ ಎಡೆಗೆ ಮೈಲಾರಪ್ಪನ ತಂಗಿ ಹೊನ್ನವ್ವ ನರಗುಂದದಿಂದ ಬಂದಳು. ಬದನೆಕಾಯಿ ಪಲ್ಯ, ಅಗಸಿ ಹಿಂಡಿ, ರೊಟ್ಟಿ. ಹೊನ್ನವ್ವ ಒಂದು ತುತ್ತು ಮುರಿದವಳು ಫೋಟೋ ನೋಡಿದಳು, ಕನಕನನ್ನು ನೋಡಿದಳು, ತುತ್ತನ್ನು ತಾಟಿಗೆ ಇಳಿಸಿದಳು.

"ಶಂಕ್ರೀ, ಇಲ್ನೋಡ. ಆ ಕಣ್ಣು, ಈ ಕಣ್ಣು ಒಂದ ಅಲ್ಲೇನ?"

"ನಾ ದಿನಾ ಅದನ್ನ ನೋಡಾಕತ್ತೇನಿ. ಬಾಯಿಬಿಟ್ಟು ಅಂದಿದ್ದಿಲ್ಲ."

"ಒಂದ ಹೊಟ್ಟ್ಯಾಗ ಹುಟ್ಟಿದವರು. ಮತ್ತ ಬೀಗರ ಕಣ್ಣು ಬರ್ತಾವೇನು?" ಎಂದ ಮೈಲಾರಪ್ಪ.

"ಅಣ್ಣಾ, ನೀ ಸುಮ್ಮನುಣ್ಣು. ಇದು ಬರೇ ಹೋಲಿಕಿ ಅಲ್ಲ. ಸಿದ್ದು ಹೋಗೂ ಮುಂದ ತನ್ನ ಕಣ್ಣು ತಮ್ಮಗ ಬಿಟ್ಟು ಹೋಗ್ಯಾನ. ಯಾಕ ಬಿಟ್ಟು ಹೋದ ಅನ್ನೂದನ್ನ ನಾವು ತಿಳಕೋಬೇಕು."

"ಅತ್ತಿ, ಪಲ್ಯಾ ಆರತೈತಿ," ಎಂದ ಕನಕ, ತಾಟಿನಿಂದ ತಲೆ ಎತ್ತದೆ.

ಯಾಕೆ ಎನ್ನುವುದನ್ನು ಹೊನ್ನವ್ವ ಅಡುಗೆಮನೆಗೆ ಬಂದು ಹೇಳಿದಳು. "ನೋಡ ದೇವಿಕಾ, ನೀ ಕಲಿತಾಕಿ. ಇಷ್ಟು ಸಣ್ಣ ವಯಸ್ಸಿನ್ಯಾಕಿ ಬರೇ ಹಣೀಲೆ ಎಲ್ಲೀತನಾ ಕೂಡ್ತಿ? ತವರಾಗರ ಯಾರದಾರ, ಅಣ್ಣನ ಹೆಂಡತಿ ಕೈಯಾಗಿನ ಕೂಳು. ಇಲ್ಲಿ ಮನ್ಯಾಗ ಕನಕ ಅದಾನ. ಗಂಡ ಹೋದಾಕಿಗೆ ಉಡಿಕಿ ಮಾಡಿ ಮತ್ತ ಸಂಸಾರ ಕಟ್ಟಿ ಕೊಡೂದು ನಮ್ಮ ಮಂದ್ಯಾಗ ಹೊಸಾದಲ್ಲ. ಒಂದ ಸೀರಿ, ಒಂದ ಕುಪ್ಪಸ, ಮನಿ ಹಿರ್ಯಾರು ನಾಕ ಮಂದಿ. ಸಿದ್ದೂನ ಕಣ್ಣ ನಿನ್ನ ಮುಂದ ಇರ್ತಾವು."

"ಹಿಟ್ಟು ತೀರೇತಿ, ಅತ್ತಿ. ಗಿರಣಿಗೆ ಹೋಗಿ ಬರ್ತೇನಿ," ಎಂದು ದೇವಿಕಾ ಜೋಳದ ಪುಟ್ಟಿ ಎತ್ತಿಕೊಂಡಳು.

ಅವಳು ಒಲ್ಲೆ ಎನ್ನಲಿಲ್ಲ. ಅಷ್ಟು ಸಾಕಾಯಿತು. ಮಳೆ ಬಂದು ಹೆಸರು ಮೊಳೆತು ಗೇಣುದ್ದವಾಗುವ ಹೊತ್ತಿಗೆ ಅದು ಮನೆಯ ಮಾತಾಗಿತ್ತು. ಶಂಕ್ರವ್ವ ಒಂದು ದಿನ ಟ್ರಂಕು ತೆಗೆದು ಸಿದ್ದುವಿನ ಅಂಗಿಗಳನ್ನು ಕನಕನ ಮುಂದೆ ಸುರಿದಳು.

"ಇಟ್ರ ಹುಳಾ ಹಿಡಿತಾವು. ಹಾಕ್ಕೋ."

"ನನಗ ಬಿಗಿ ಆಗತಾವ, ಅವ್ವಾ."

"ಅಂಗಿ ಬಿಗಿ ಇಲ್ಲ, ನಿನ್ನ ಮನಸ ಬಿಗಿ ಐತಿ. ಅವನ ಮ್ಯಾಲೆ ಅಷ್ಟೂ ಮಾಯಾ ಇಲ್ಲೇನು ನಿನಗ?"

"ಅಣ್ಣನ ಅಂಗಿ ಕೊಟ್ಟಿ. ಅಣ್ಣನ ಗಾದಿ ಹಾಸಿದಿ. ಇನ್ನ ಏನೇನ ಕೊಡಾಕಿ? ಈ ಮನ್ಯಾಗ ಕನಕ ಅಂತ ಒಬ್ಬ ಅದಾನೋ, ಇಲ್ಲಾ ಅಂವನ್ನೂ ಮಣ್ಣ ಮಾಡಿ ಬಂದ್ರೋ?"

"ಬಾಯಿ ಮುಚ್ಚು," ಎಂದಳು ಶಂಕ್ರವ್ವ. ಕನಕ ಅಂಗಿ ದಾಟಿಕೊಂಡು ಹೊರಗೆ ಹೋದ. ಅವತ್ತು ಅವನು ಮನೆಯಲ್ಲಿ ಉಣ್ಣಲಿಲ್ಲ. ದೇವಿಕಾ ಅಂಗಿಗಳನ್ನು ಒಂದೊಂದಾಗಿ ಮಡಚಿ ಮತ್ತೆ ಟ್ರಂಕಿಗೆ ಹಾಕಿದಳು. ಅವನ್ನು ಮೂಸಿ ನೋಡುವ ಧೈರ್ಯವಾಗಲಿಲ್ಲ.

ಗಿರಾಕಿಗಳ ಫೋನು ಮಾತ್ರ ನಿಲ್ಲಲಿಲ್ಲ. ಕೊನೆಗೆ ಅವಳು ಗಜೇಂದ್ರಗಡದ ಬಸ್ಸು ಹತ್ತಲು ತಯಾರಾದಳು.

"ಗಂಡ ಸತ್ತಾಕಿ ಪ್ಯಾಟಿ ತಿರಗತಾಳ ಅಂತಾರ ಮಂದಿ," ಎಂದಳು ಶಂಕ್ರವ್ವ.

"ಅನ್ನೂ ಮಂದಿ ಬಂದು ಅಲ್ಬಮ್ ಮಾಡಿಕೊಡ್ತಾರೇನು?" ಮೈಲಾರಪ್ಪ ಕಟ್ಟೆಯಿಂದಲೇ ಹೇಳಿದ. "ಹೋಗವಾ ನೀನು. ಉಂಡು ಹೋಗು."

ಸ್ಟುಡಿಯೋ ಬಸ್ ನಿಲ್ದಾಣದ ಹತ್ತಿರ, ಮೆಟ್ಟಿಲು ಹತ್ತಿದರೆ ಒಂದೇ ಕೋಣೆ. ಆಫ್ತಾಬ ಕುರ್ಚಿ ಒರೆಸಿ ಕೊಟ್ಟ. "ಬರ್ರಿ ಭಾಬಿ. ನಾ ಶೂಟಿಂಗ್ ಹೊಡಿತೇನಿ, ಈ ಕಂಪ್ಯೂಟರ್ ಮುಂದ ಕೂಡೂದು ನನಗ ಆಗೂದಿಲ್ರಿ. ಅಂವಾ ಇದ್ದಾಗ ಅಂವನ ಬೈಗುಳರ ಇರ್ತಿತ್ತು."

ಕಂಪ್ಯೂಟರಿನ ಮುಂದಿನ ಕೆಲಸವನ್ನು ದೇವಿಕಾ ಗಂಡನಿಂದ ಕಲಿತಿದ್ದಳು. ವಿಶ್ವವಿದ್ಯಾಲಯದಲ್ಲಿ ಹಳೆಯ ಶಾಸನ ಓದುವುದನ್ನು ಕಲಿತವಳು ಇಲ್ಲಿ ಮೊಡವೆ ಅಳಿಸುವುದನ್ನು ಕಲಿತಳು. ಪಕ್ಕದ ಚರ್ಮ ಸ್ವಲ್ಪ ತಂದು ಕಲೆಯ ಮೇಲೆ ಹಚ್ಚುವುದು, ಕತ್ತಲಾದ ಮುಖಕ್ಕೆ ಬೆಳಕು ಏರಿಸುವುದು, ಮಂಟಪದ ಹಿಂದೆ ನಿಂತು ಹಲ್ಲು ಕಿಸಿಯುವವರನ್ನು ಮಾಯ ಮಾಡುವುದು. ಅವನವು ಕೆಲವು ಕಟ್ಟುನಿಟ್ಟುಗಳಿದ್ದವು. ಕಲೆ ತೆಗೆಯಬೇಕು, ಮಚ್ಚೆ ತೆಗೆಯಬಾರದು. ಗುಂಪಿನ ಫೋಟೋದಲ್ಲಿ ಯಾರಾದರೂ ಕಣ್ಣು ಮುಚ್ಚಿದ್ದರೆ ಅದೇ ಮನುಷ್ಯನ ಇನ್ನೊಂದು ಫೋಟೋದಿಂದ ಕಣ್ಣು ತಂದು ಕೂಡಿಸಬೇಕು; ಒಬ್ಬರದು ಒಬ್ಬರಿಗೆ ಹಚ್ಚಬಾರದು. 'ಹಂಗ ಮಾಡಿದ್ರ ಅವರ ತಾಯಿಗೂ ಗೊತ್ತಾಗೂದಿಲ್ಲ, ಅದಕ್ಕ ಮಾಡಬಾರದು' ಎನ್ನುತ್ತಿದ್ದ.

ಹೊಳೆಮಣ್ಣೂರಿನ ಅಲ್ಬಮ್ ಮುಗಿಸಿದಳು. ಆಮೇಲೆ ನರಗುಂದದ ಮದುವೆ, ಅವನು ಕೊನೆಗೆ ತೆಗೆದದ್ದು. ಒಂದು ಫೋಟೋದಲ್ಲಿ ಮದುಮಗಳ ಪಕ್ಕ ಆಯೇರಿಯ ಉಡುಗೊರೆಯಾಗಿ ಬಂದ ಸ್ಟೀಲಿನ ಕೊಡವಿತ್ತು. ಅದರ ಹೊಟ್ಟೆಯಲ್ಲಿ ಡೊಂಕಾಗಿ, ಹೆಬ್ಬೆರಳಿನಷ್ಟು ಸಣ್ಣದಾಗಿ, ಫೋಟೋ ತೆಗೆಯುವವನು ಕಾಣುತ್ತಿದ್ದ. ಮುಖದ ಜಾಗದಲ್ಲಿ ಕ್ಯಾಮೆರಾ. ಅಂಥವನ್ನು ಅಳಿಸುವುದು ರೂಢಿ. ದೇವಿಕಾ ಮೌಸ್ ಹಿಡಿದುಕೊಂಡು ಬಹಳ ಹೊತ್ತು ಕೂತಳು. ಅಳಿಸಲಿಲ್ಲ. ನರಗುಂದದ ಆ ಮನೆಯವರ ಅಲ್ಬಮ್ಮಿನಲ್ಲಿ ಅವನು ಈಗಲೂ ಕೊಡದೊಳಗೆ ನಿಂತಿದ್ದಾನೆ.

ಮಾನೌಮಿ ಅಮಾಸಿ ಹತ್ತಿರ ಬಂತು. ಹಿರಿಯರಿಗೆ ಹೊಸ ಬಟ್ಟೆ ಇಟ್ಟು ಎಡೆ ಹಿಡಿಯುವ ದಿನ.

"ಈ ಫೋಟೋ ಸಣ್ಣದಾತು," ಎಂದಳು ಶಂಕ್ರವ್ವ. "ಅಮಾಸಿಗೆ ದೊಡ್ಡದು ಮಾಡಿಸ್ಕೊಂಡ ಬಾ. ಮಂದಿ ಬರ್ತಾರ. ಹೊನ್ನವ್ವನೂ ಬರ್ತಾಳ, ಅವತ್ತ ನಿಮ್ಮಿಬ್ಬರ ಉಡಿಕಿ ದಿನಾನೂ ಹಿಡಿದು ಬಿಡೋಣು."

ಆಫ್ತಾಬ ದೊಡ್ಡದು ಮಾಡಿದರೆ ಚಿತ್ರ ಒಡೆದು ಮಸುಕಾಗುತ್ತಿತ್ತು. ಅವನ ಹತ್ತಿರ ಇದ್ದದ್ದು ಅಲ್ಬಮ್ಮಿಗೆ ಕಳಿಸಿದ ಚಿಕ್ಕ ಪ್ರತಿ. ಹಾಗಾಗಿ ದೇವಿಕಾ ತಮ್ಮ ಮದುವೆಯ ಮೂಲ ಫೈಲನ್ನೇ ಹುಡುಕಿ ತೆರೆದಳು. ಸಿದ್ದು ಸ್ವತಃ ತಿದ್ದಿ ಇಟ್ಟದ್ದು. ಅಂಥ ಫೈಲಿನಲ್ಲಿ ಮಾಡಿದ ಒಂದೊಂದು ಕೆಲಸವೂ ಬೇರೆ ಬೇರೆ ಪದರಾಗಿ, ಒಂದರ ಮೇಲೊಂದು ಹಾಸಿದ ಗಾಜಿನಂತೆ ಕೂತಿರುತ್ತದೆ. ಬೇಕಾದ ಪದರನ್ನು ಕಾಣಿಸಬಹುದು, ಬೇಡವಾದರೆ ಮರೆಮಾಡಬಹುದು. ಬೆಳಕು ಎಂದೊಂದು ಪದರು. ಹಿನ್ನೆಲೆ ಎಂದೊಂದು. ಎಲ್ಲಕ್ಕೂ ಮೇಲಿನ ಪದರಿಗೆ ಅವನು 'ಕನಕ' ಎಂದು ಹೆಸರಿಟ್ಟಿದ್ದ.

ಅವಳು ಅದನ್ನು ಮರೆಮಾಡಿದಳು.

ಸಿದ್ದು ಕಣ್ಣು ಮುಚ್ಚಿದ.

ಮತ್ತೆ ಒತ್ತಿದಳು. ತೆರೆದ. ಒತ್ತಿದಳು. ಮುಚ್ಚಿದ. ಮುಚ್ಚಿದಾಗ ಅವನ ಮುಖವೇ ಬೇರೆ. ಮೂಗು ಸ್ವಲ್ಪ ಸುಕ್ಕಾಗಿ, ಸೀನು ಬಂದವನಂತೆ, ಮಗ್ಗುಲಲ್ಲಿ ನಿಂತವಳ ಕಡೆ ಭುಜ ವಾಲಿಸಿ. ಅದು ಅವನು. ತೆರೆದಾಗ ಅವನ ಮುಖದೊಳಗೆ ಕೂತು ಬೇರೆ ಯಾರೋ ನೋಡುತ್ತಿದ್ದರು. ಮೂರು ವರ್ಷ ಅಲ್ಬಮ್ಮಿನಲ್ಲಿ, ಇಷ್ಟು ತಿಂಗಳು ಗೋಡೆಯ ಮೇಲೆ, ಅವಳು ನೋಡಿದ್ದು ಮೈದುನನ ಕಣ್ಣುಗಳನ್ನು.

ಹಾಗಾದರೆ ಗಂಡನ ಕಣ್ಣು ಹೇಗಿದ್ದವು? ದೇವಿಕಾ ಕಣ್ಣು ಮುಚ್ಚಿ ನೆನೆಸಿದಳು. ಕೈ ನೆನಪಾಯಿತು, ಉಗುರು ನೆನಪಾಯಿತು, ಗೊರಕೆ ನೆನಪಾಯಿತು. ಕಣ್ಣಿನ ಜಾಗದಲ್ಲಿ ಆ ಫೋಟೋ ಬಂದು ಕೂತಿತು. ಎಷ್ಟು ಸರಿಸಿದರೂ ಅದೇ ಬಂತು.

ಸಂಜೆ ಮನೆಗೆ ಬಂದು ಒಲೆ ಹೊತ್ತಿಸುತ್ತ ಕೇಳಿದಳು. "ಅತ್ತಿ, ಅವರ ಕಣ್ಣು ಹ್ಯಾಂಗಿದ್ವು?"

ಶಂಕ್ರವ್ವ ಕಡಬಿಗೆ ಬೇಳೆ ಆರಿಸುತ್ತಿದ್ದಳು. ಸೊಸೆ ಕೊನೆಗೂ ಒಂದು ಮಾತು ಆಡಿದಳೆಂದು ಅವಳ ಮುಖ ಮೆತ್ತಗಾಯಿತು. "ಅಲ್ಲಿ ನೋಡವಾ," ಎಂದು ಗೋಡೆ ತೋರಿಸಿದಳು.

ಮರುದಿನ ಅಂಗಳದಲ್ಲಿ ಕೊಯ್ದ ಹೆಸರುಕಾಯಿ ಒಣಹಾಕಿ ಕನಕ ಕೋಲಿನಿಂದ ಕೆದರುತ್ತಿದ್ದ. ದೇವಿಕಾ ಮೊರ ತೆಗೆದುಕೊಂಡು ಎದುರಿಗೆ ಕೂತಳು.

"ಆ ಕಣ್ಣ ನಿನ್ನವು."

ಕೋಲು ನಿಂತಿತು. "ಯಾರ ಹೇಳಿದ್ರು?"

"ಯಾರೂ ಹೇಳಿಲ್ಲ. ಫೈಲ್‌ನಾಗ ನಿನ್ನ ಹೆಸರ ಬರದಾರ."

ಕನಕ ಅಂಗಳದ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ನಿಮ್ಮ ಮದುವ್ಯಾಗ ಅಣ್ಣ ಅಷ್ಟೂ ಫೋಟೋದಾಗ ಕಣ್ಣ ಮುಚ್ಚಿದ್ದ ವೈನಿ. ಆಫ್ತಾಬ ಹೊಡದು ಹೊಡದು ಸಾಕಾದ. ಆಮ್ಯಾಲೆ ಅಣ್ಣ ನನ್ನ ಸ್ಟುಡಿಯೋಕ್ಕ ಕರದು ಸ್ಟೂಲ್ ಮ್ಯಾಲೆ ಕುಂದ್ರಿಸಿದ. 'ಹೆಣ್ಣ ನೋಡಾಕ ಹೋಗೀದಿ ಅಂತ ತಿಳಕೊಂಡು ನೋಡಲೇ' ಅಂದ. ನಾ ನಕ್ಕೆ. ತೆಲಿಗೆ ಒಂದು ಹೊಡದ. 'ನಿಮ್ಮ ವೈನಿ ಮುಂದ ಹೇಳಬ್ಯಾಡ, ಮದುವಿ ಅಲ್ಬಮ್‌ದಾಗ ಗಂಡ ಕುಡ್ಡ ಅಂತ ಜೀವ ಇರೂತನಾ ಆಡಿಕೋತಾಳ' ಅಂದ."

ದೇವಿಕಾಳಿಗೆ ನಗು ಬಂತು. ಬಂದ ನಗು ಹೊರಳಿ ಬೇರೆಯೇ ಆಯಿತು. ಅವಳು ಮೊರದ ಮೇಲೆ ಬಾಗಿದಳು.

"ಯಾಕ ಹೇಳಲಿಲ್ಲ ನೀನು?" ಎಂದಳು ಸೆರಗಿನಿಂದ ಮುಖ ಒರೆಸಿಕೊಂಡು.

"ಹೇಳಬೇಕಂದೆ. ಮೊದಲನೇ ದಿನಾನ ಅವ್ವ ಭಂಡಾರ ಹಚ್ಚಿ ಬೆರಳಿಗೆ ಮುದ್ದ ಕೊಟ್ಟಳಲ್ಲ, ಬಾಯಿ ಬರಲಿಲ್ಲ. ಈಗ ಆ ಹೊತ್ತಿಗೆ ನಾ ಹೊಲದಾಗ ಇದ್ರೂ ನನ್ನ ಕಣ್ಣ ಮ್ಯಾಲೆ ಯಾರೋ ಬೆರಳ ಇಟ್ಟಂಗ ಆಗತೈತಿ, ವೈನಿ. ಟ್ರ್ಯಾಕ್ಟರ್ ನಿಂದ್ರಿಸಿ ಮುಖಾ ತೊಳಕೋತೇನಿ." ಅವನು ಹೆಸರನ್ನು ಸುಮ್ಮನೆ ಕೆದರಿದ. "ನಿಮಗ ಒಪ್ಪಿಗಿ ಐತೇನು? ಉಡಿಕಿ?"

"ನಿನಗ?"

"ಯಾವಗಲ್ಲ ಊರಿನ ಶ್ವೇತಾನ ಮನಿಯವರ ಕೂಡ ಅಣ್ಣ ಇದ್ದಾಗ ಮದುವಿ ಮಾತಾಗಿತ್ತು. ಆಕಿ ಇನ್ನೂ ಹಾದಿ ನೋಡಾಕತ್ತಾಳ. ನಾ ಹ್ಞೂಂ ಅಂದೇನಿ ಆಕಿಗೆ."

"ನನಗೂ ಒಪ್ಪಿಗಿ ಇಲ್ಲ, ಕನಕ." ಮೂರು ತಿಂಗಳಲ್ಲಿ ಅವಳು ಅಷ್ಟು ಸ್ಪಷ್ಟವಾಗಿ ಆಡಿದ ಮೊದಲ ಮಾತು ಅದು.

"ನಾವು ಒಲ್ಲೆ ಅಂದ್ರ ಅವ್ವ, 'ಸಿದ್ದೂನ ಮನಸ ಹಂಗೈತಿ, ಕಣ್ಣ ನೋಡ್ರಿ' ಅಂತಾಳ. ಖರೇ ಹೇಳಿದ್ರ..." ಕನಕ ಮಾತು ಮುಗಿಸಲಿಲ್ಲ. ಖರೇ ಹೇಳಿದರೆ ಶಂಕ್ರವ್ವನ ಮಗ ಇನ್ನೊಮ್ಮೆ ಸಾಯಬೇಕಿತ್ತು. ಹೇಳದಿದ್ದರೆ ಇವರಿಬ್ಬರೂ ಆ ಕಣ್ಣುಗಳ ಕೆಳಗೆ ಸಂಸಾರ ಹೂಡಬೇಕಿತ್ತು.

ಅಮಾಸಿಗೆ ದೇವಿಕಾ ದೊಡ್ಡ ಫೋಟೋ ತರಲಿಲ್ಲ. ಆಫ್ತಾಬನ ಲ್ಯಾಪ್‌ಟಾಪ್ ತಂದಳು.

ಎಡೆ ಆಯಿತು. ಕಡಬು, ಅನ್ನ, ಸಾರು ಉಂಡು ಓಣಿಯ ಮಂದಿ ಎದ್ದು ಹೋದರು. ಹೊನ್ನವ್ವ ಎಲೆಅಡಿಕೆ ಮಡಚುತ್ತ ಅಣ್ಣನನ್ನು ಕೆಣಕಿದಳು. "ಏನ ಅಣ್ಣಾ, ದೀಪಾವಳಿ ಆದ ಮ್ಯಾಲೆ ಒಂದ ಚಲೋ ದಿನಾ ನೋಡೋಣೇನು?"

"ನನ್ನೇನ ಕೇಳ್ತಿ? ಕೂಡಿ ಬಾಳೇ ಮಾಡೂದು ನಾನೇನು? ಹುಡುಗರನ್ನ ಕೇಳು."

"ಕೇಳೂದೇನೈತಿ," ಎಂದಳು ಶಂಕ್ರವ್ವ. "ಕೇಳಬೇಕಾದಂವ ಗ್ವಾಡಿ ಮ್ಯಾಲೆ ಕುಂತಾನ. ಕಣ್ಣಾಗ ಹೇಳಾಕತ್ತಾನ ಅಂವ."

ದೇವಿಕಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. "ಅತ್ತಿ, ಅವು ಅವರ ಕಣ್ಣಲ್ರಿ."

"ಮತ್ತ ಯಾರವು?"

"ಕನಕನ್ವು."

ಹೊನ್ನವ್ವ ನಕ್ಕಳು. "ಅದನ್ನ ನಾವು ಅನ್ನಾಕತ್ತೇವಿ, ಹುಚ್ಚಿ."

ದೇವಿಕಾ ಲ್ಯಾಪ್‌ಟಾಪನ್ನು ಅತ್ತೆಯ ಮುಂದೆ ನೆಲದ ಮೇಲಿಟ್ಟು ತೆರೆದಳು. ಬಾಸಿಂಗ ಕಟ್ಟಿಕೊಂಡ ಸಿದ್ದು ತಾಯಿಯನ್ನು ನೋಡಿದ. ದೇವಿಕಾ ಬೆರಳು ಒತ್ತಿದಳು. ಅವನು ಕಣ್ಣು ಮುಚ್ಚಿದ.

ಶಂಕ್ರವ್ವ ಚೀರಲಿಲ್ಲ. ಪರದೆಯ ಹತ್ತಿರ ಮುಖ ತಂದಳು. "ತೆರಿ," ಎಂದಳು.

ದೇವಿಕಾ ತೆರೆದಳು.

"ಮುಚ್ಚು."

ಮುಚ್ಚಿದಳು.

"ತೆರಿ." ಎಷ್ಟೋ ಸಲ ಹಾಗೆ ಮಾಡಿಸಿದಳು. ಮೈಲಾರಪ್ಪ "ಸಾಕ ಬಿಡ" ಎಂದ, ಅವಳಿಗೆ ಕೇಳಿಸಲಿಲ್ಲ. ಕೊನೆಯ ಸಲ ಮುಚ್ಚಿದ ಮುಖದ ಮೇಲೆ ಅವಳ ಕೈ ನಿಂತಿತು. "ಹಿಂಗ ಮಾಡತಿದ್ದ," ಎಂದಳು. "ಸಾಲ್ಯಾಗ ಫೋಟೋ ತಗಿಯೂ ಮುಂದ ಮಾಸ್ತರ ಕಡೆ ಬಡಿಸ್ಕೊಂಡಿದ್ದ. ಹಿಂಗ ಮೂಗ ಏರಿಸ್ತಿದ್ದ."

ಆಮೇಲೆ ಅವಳಿಗೆ ಇನ್ನೊಂದು ಹೊಳೆಯಿತು. ಅದು ಅವಳ ಮುಖದ ಮೇಲೆ ಬಂದದ್ದನ್ನು ಎಲ್ಲರೂ ಕಂಡರು. ಜೀವಂತ ಇದ್ದ ಮಗನ ಕಣ್ಣಿಗೆ ಇಷ್ಟು ದಿನ ಮಾಲೆ ಹಾಕಿದ್ದಳು, ಹೆಣದ ಎಡೆ ತೋರಿಸಿದ್ದಳು. ಅವಳು ಎದ್ದು ಗೋಡೆಯ ಫೋಟೋದಿಂದ ಮಾಲೆ ಹರಿದು ತೆಗೆದಳು. ಸೆರಗಿನಿಂದ ಭಂಡಾರ ಒರೆಸಿದಳು, ಕಟ್ಟನ್ನು ಕೆಳಗಿಳಿಸಿ ಗೋಡೆಗೆ ಮುಖ ಮಾಡಿ ನಿಲ್ಲಿಸಿದಳು. ಉಪ್ಪು, ಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದುಕೊಂಡು ಬಂದಳು.

"ಕನಕಾ, ಇಲ್ಲಿ ಬಾ. ಕೂಡ."

ಕನಕ ಕೂತ. ಅವನ ಮುಖದ ಸುತ್ತ ಇಳಿಸಿ, ಉಗುಳಿಸಿ, ಒಲೆಗೆ ಹಾಕಿದಳು. ಮೆಣಸಿನಕಾಯಿಯ ಘಾಟು ಮನೆಯನ್ನೆಲ್ಲ ತುಂಬಿತು. ಎಲ್ಲರೂ ಕೆಮ್ಮಿದರು. ಹೊನ್ನವ್ವ ಮಾತ್ರ ಕೆಮ್ಮುತ್ತಲೇ, "ಕಲಿಸಿದ್ದಕ್ಕ ಇದ ಆಗೂದು. ಸತ್ತವನ್ನ ಇನ್ನೊಮ್ಮಿ ಸಾಯಿಸಿದಳು," ಎಂದಳು. ದೇವಿಕಾ ತಾಟುಗಳನ್ನು ಎತ್ತಿಕೊಂಡು ಹಿತ್ತಲಿಗೆ ಹೋದಳು.

ಅವತ್ತಿನಿಂದ ಶಂಕ್ರವ್ವ ಸೊಸೆಯೊಡನೆ ಮಾತು ಬಿಟ್ಟಳು. ಇಬ್ಬರೂ ಒಂದೇ ಒಲೆಯ ಮುಂದೆ ಕೂರುತ್ತಿದ್ದರು. ಮಾತು ಕಟ್ಟೆಯ ಮೇಲಿದ್ದ ಮೈಲಾರಪ್ಪನ ಮೂಲಕ ಹೋಗಿ ಬರುತ್ತಿತ್ತು.

"ಆಕಿಗೆ ಹೇಳ್ರಿ, ಪುಂಡಿಪಲ್ಯಾಕ ಉಪ್ಪ ಹೆಚ್ಚಾಗೇತಿ ಅಂತ."

"ನನಗ ಬರೋಬ್ಬರಿ ಆಗೇತಿ. ಈಗ ಏನಂತ ಹೇಳಲಿ?"

ಗೋಡೆ ಬರಿದಾಗಿತ್ತು. ಕಟ್ಟು ಇದ್ದ ಜಾಗದಲ್ಲಿ ಸುಣ್ಣ ಬೆಳ್ಳಗೆ ಚೌಕವಾಗಿ ಉಳಿದಿತ್ತು. ರೊಟ್ಟಿ ಬಡಿಯುವಾಗ ದೇವಿಕಾಳ ಬೆನ್ನ ಮೇಲೆ ಈಗ ಯಾವ ನೋಟವೂ ಇರಲಿಲ್ಲ. ಹಾಗಿದ್ದೂ ಅವಳು ತಿರುಗಿ ತಿರುಗಿ ನೋಡುತ್ತಿದ್ದಳು. ನೋಡುವವರು ಇಲ್ಲದಿರುವುದು ನೋಡುವವರು ಇದ್ದದ್ದಕ್ಕಿಂತ ಭಾರವಾಗಿತ್ತು.

ದೀಪಾವಳಿ ಮುಗಿದು, ಕಡಲೆ ಬಿತ್ತನೆಯಾದ ಮೇಲೆ, ಒಂದು ಮುಂಜಾನೆ ಶಂಕ್ರವ್ವ ಸೊಸೆಯ ಕೈಯಿಂದ ಕೊಡ ಇಸಿದುಕೊಂಡಳು. "ಆ ಮುಚ್ಚಿದ್ದು ಐತಲ್ಲ," ಎಂದಳು, ನಳದ ಕಡೆ ನೋಡುತ್ತ. "ಅದನ್ನ ಮಾಡಿ ಕೊಡು."

ದೇವಿಕಾ ಮಾಡಿ ತಂದಳು. ಬಾಸಿಂಗ ಅಳಿಸಲಿಲ್ಲ, ಹಿಂದಿನ ಮಂಟಪ ಅಳಿಸಲಿಲ್ಲ, ಬೆಳಕು ಕೂಡ ಏರಿಸಲಿಲ್ಲ. ಶಂಕ್ರವ್ವ ಅದನ್ನು ತಾನೇ ಮೊಳೆಗೆ ತೂಗುಹಾಕಿ ದೂರ ನಿಂತು ನೋಡಿದಳು. "ಮುಕ್ಕಾ," ಎಂದಳು. "ಇನ್ನಾದ್ರೂ ತೆರಿವಲ್ಲಿ." ಆಮೇಲೆ ಅತ್ತಳು, ಮಣ್ಣಿನ ದಿನ ಅತ್ತ ಹಾಗೆ. ಈ ಸಲ ದೇವಿಕಾ ಅವಳ ಪಕ್ಕ ಕೂತಳು. ಉಡಿಕಿಯ ಮಾತನ್ನು ಆ ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ.

ಕೆಲವು ದಿನಗಳ ಮೇಲೆ ಯಾವಗಲ್ಲದ ಶ್ವೇತಾಳ ಮನೆಯಿಂದ ಫೋನು ಬಂತು. ಹುಡುಗನ ಒಂದು ಚಲೋ ಫೋಟೋ ಕಳಿಸಿರಿ, ಹುಡುಗಿಯ ಅಜ್ಜಿ ನೋಡಬೇಕಂತೆ ಎಂದರು. ಶಂಕ್ರವ್ವ ಗೋಡೆಯ ಕಡೆ ಒಮ್ಮೆ ನೋಡಿ, "ಕಳಸ್ರಿ," ಎಂದಳು.

ದೇವಿಕಾ ಸ್ಟುಡಿಯೋದಲ್ಲಿ ಕೂತು ಆ ಹಳೆಯ ಫೋಟೋ ಹುಡುಕಿದಳು. ಮದುವೆಯ ಫೋಲ್ಡರಿನ ತಳದಲ್ಲಿ ಸಿಕ್ಕಿತು. ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತ ಕನಕ, ಹುಬ್ಬಿನಲ್ಲಿ ನಗು ತಡೆದುಕೊಂಡು, ಕಾಣದ ಹೆಣ್ಣೊಂದನ್ನು ನೋಡುತ್ತಿದ್ದ. ಏನನ್ನೋ ಕೇಳಬೇಕೆಂದು ಕೇಳದೆ ನಿಂತ ಆ ನೋಟ ಈ ಮುಖದಲ್ಲಿ ಎಷ್ಟು ಸರಿಯಾಗಿ ಕೂತಿತ್ತೆಂದರೆ, ಅದು ಬೇರೆ ಯಾರದೋ ಎಂದು ಹೇಗೆ ನಂಬಿದೆ ಎಂದು ಅವಳಿಗೇ ಅಚ್ಚರಿಯಾಯಿತು. ಕೆನ್ನೆಯ ಮೇಲೊಂದು ಮೊಡವೆ ಇತ್ತು, ಅದನ್ನು ತೆಗೆದಳು. ಕಿವಿಯ ಹತ್ತಿರದ ಮಚ್ಚೆ ಬಿಟ್ಟಳು. ಆಮೇಲೆ ತಮ್ಮ ಮದುವೆಯ ಫೈಲು ತೆರೆದು 'ಕನಕ' ಎಂಬ ಪದರನ್ನು ಅಳಿಸಿದಳು. ಬದಲಾವಣೆ ಉಳಿಸಬೇಕೇ ಎಂದು ಕಂಪ್ಯೂಟರ್ ಕೇಳಿತು. ಉಳಿಸಿದಳು.

ಹೆಸರುಕಾಳು ಮಾರಲು ಪೇಟೆಗೆ ಬಂದಿದ್ದ ಕನಕ ಮೆಟ್ಟಿಲು ಹತ್ತಿ ಬಂದ. ದೇವಿಕಾ ಲಕೋಟೆ ಮುಂದೆ ಹಿಡಿದಳು.

"ಏನ್ರಿ ವೈನಿ ಇದು?"

"ನಿನ್ನವು. ನಿಮ್ಮಣ್ಣ ನಿನ್ನ ಕಡೆ ಇಸ್ಕೊಂಡಿದ್ದ ಕಣ್ಣ. ಯಾವಗಲ್ಲಕ್ಕ ಕಳಸು."

ಕನಕ ಫೋಟೋ ಹೊರತೆಗೆದು ನೋಡಿದ. ತಲೆ ಎತ್ತಿ ಅವಳನ್ನು ನೋಡಿದ. ಅವಳು ಈ ಸಲ ಅವನ ಕೈ ನೋಡಲಿಲ್ಲ, ಮುಖ ನೋಡಿದಳು. ಕನಕನೇ ಇದ್ದ.

"ಹಂಗಾರ ಅಣ್ಣನ್ವು?" ಎಂದ ಮೆಲ್ಲಗೆ.

"ಅವರ್ವು ಅವರ ಒಯ್ದಾರ," ಎಂದಳು ದೇವಿಕಾ.